ಎತ್ತು ಏಳುವ ತನಕ ಗೊಟ್ಟ ಬೇಡ

ತುಮಕೂರು
11-9-1984

ರೆಸ್ಪೆಕ್ಟೆಡ್ ಡಾಕ್ಟರ್ ಗಂಗಾಂಬಿಕೆ ಮೇಡಂ ಅವರಿಗೆ,

ಪರಿಚಯವಿಲ್ಲದ ಹುಡುಗನೊಬ್ಬ ಹೀಗೆ ನೇರವಾಗಿ ಕಾಗದ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆದದ್ದನ್ನು ಹರಿದು ಹಾಕಿ ಮತ್ತೆ ಕುಳಿತಿದ್ದೇನೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವನಾದ್ದರಿಂದ ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೇ ಇರುತ್ತದೆ. ಅದನ್ನೂ ಕ್ಷಮಿಸಬೇಕು.

ನಾನು ಇಲ್ಲಿ ಫಸ್ಟ್ ಇಯರ್ ಬಿ.ಎಸ್ಸಿ. ಓದುತ್ತಿದ್ದೇನೆ. ನಿಮಗೆ ನನ್ನ ಗುರುತಿಲ್ಲ, ಆದರೆ ನನ್ನ ತಂದೆಯವರ ಗುರುತು ಖಂಡಿತ ಇರುತ್ತದೆ. ಗುಬ್ಬಿಯಲ್ಲಿ ಎತ್ತುಗಳನ್ನು ಹಗ್ಗದಿಂದ ಕೆಡವಿ ಲಾಳ ಕಟ್ಟುವ ಅಹಮದ್ ಪಾಷಾ. ಆಗಸ್ಟ್ ಕೊನೆಯಲ್ಲಿ, ಗುಬ್ಬಿಯ ಡಾಕ್ಟರರು ರಜೆಯಲ್ಲಿದ್ದಾಗ, ನೀವು ಕುಣಿಗಲ್‌ನಿಂದ ಬಂದು ದನಗಳಿಗೆ ದೊಡ್ಡ ರೋಗದ ಸೂಜಿ ಹಾಕಿದ್ದು ಅವರ ಅಂಗಳದಲ್ಲೇ. ಹುಣಸೆಮರದ ಕೆಳಗೆ ಹಗ್ಗ ಹಿಡಿದು ಒಂದೊಂದೇ ದನವನ್ನು ನಿಮ್ಮ ಮುಂದೆ ತಂದು ನಿಲ್ಲಿಸಿದವರು ಅವರು. ಅಂದು ಭಾನುವಾರ. ನಾನೂ ಇದ್ದೆ, ಆದರೆ ದೂರದಲ್ಲಿ, ಗೋಡೆ ಪಕ್ಕ. ಲಾಳ ಕಟ್ಟುವವರ ಮಗನಾಗಿಯೂ ನನಗೆ ಎತ್ತೆಂದರೆ ಭಯ.

ಅಂದು ನೀವು ಕೆಲಸ ಮಾಡಿದ ರೀತಿಯನ್ನು ನಾನು ಮರೆತಿಲ್ಲ. ಸೂಜಿ ಚುಚ್ಚುವ ಮುಂಚೆ ಪ್ರತಿಯೊಂದು ದನದ ಕುತ್ತಿಗೆಯನ್ನೂ ಅಂಗೈಯಲ್ಲಿ ಸವರುತ್ತಿದ್ದಿರಿ, ಸಾಲು ಎಷ್ಟೇ ಉದ್ದವಿದ್ದರೂ. ಬೆರೆಸಿಟ್ಟ ಔಷಧಿಯ ಟೈಮ್ ಮೀರಿತೆಂದು ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಿಬಿಟ್ಟಿರಿ. "ಅಯ್ಯೋ, ಅದ್ರಾಗೆ ಇನ್ನೂ ನಾಕ್ ದನಕ್ಕಾಗ್ತಿತ್ತಲ್ಲವ್ವ" ಎಂದು ಯಾರೋ ಗೊಣಗಿದರು. "ಆಗ್ತಿತ್ತು, ನಿಮ್ಮ ಸಮಾಧಾನಕ್ಕೆ" ಎಂದು ನೀವು ಐಸ್ ಫ್ಲಾಸ್ಕಿನಿಂದ ಹೊಸ ಬಾಟಲಿ ತೆಗೆದಿರಿ. ಆ ಮಾತನ್ನು ನಾನು ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಬಕ್ರೀದಿಗೆ ಊರಿಗೆ ಹೋದಾಗ ಅಬ್ಬಾನ ಅಂಗಳ ಖಾಲಿ ಇತ್ತು. ಒಂದೇ ಒಂದು ಎತ್ತಿಲ್ಲ. ವಿಚಾರಿಸಿದರೆ, ಸೂಜಿ ಹಾಕಿಸಿದ ಮೇಲೆ ಸುತ್ತಲೂ ದನಗಳು ಜ್ವರ ಬಂದು ಕುಂಟುತ್ತ ಮಲಗಿಬಿಡುತ್ತಿವೆಯಂತೆ. ಬಹಳಷ್ಟು ಎದ್ದಿವೆ, ಆದರೆ ಶಿವರಾಮಯ್ಯನವರ ಎತ್ತು ಸತ್ತುಹೋಯಿತು. ಅದಕ್ಕೂ ಸೂಜಿ ಹಾಕಿಸಿದ್ದರು. ಟೀ ಅಂಗಡಿಯಲ್ಲಿ ನನ್ನ ಎದುರಿಗೇ ಒಬ್ಬರು ಹೇಳಿದರು, "ಚುಚ್ಚಿದ್ದು ಡಾಕ್ಟ್ರಮ್ಮ, ಸರಿ ಬುಡು. ಹಿಡ್ಕೊಟ್ಟೋನು ಪಾಷಣ್ಣ ಅಲ್ವಾ?" ಈಗ ಲಾಳಕ್ಕೆ ಎಲ್ಲರೂ ನಿಟ್ಟೂರಿಗೆ ಹೊಡೆದುಕೊಂಡು ಹೋಗುತ್ತಾರೆ. ಅಬ್ಬಾ ಯಾರಿಗೂ ಏನೂ ಹೇಳುವುದಿಲ್ಲ. ಸೊಟ್ಟಗಾದ ಹಳೆ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತ ಕೂತಿರುತ್ತಾರೆ.

ಕೇಳಬಾರದ ಪ್ರಶ್ನೆ, ಆದರೂ ಕೇಳುತ್ತೇನೆ. ಔಷಧಿಯಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿತ್ತೇ? ಅಬ್ಬಾ ಇದನ್ನು ನಿಮ್ಮನ್ನು ಯಾವತ್ತೂ ಕೇಳುವುದಿಲ್ಲ. ನಾನು ಬರೆದದ್ದು ಅವರಿಗೆ ಗೊತ್ತೂ ಇಲ್ಲ.

ಇತಿ ವಿಧೇಯ,
ನಯಾಜ್ ಅಹಮದ್


ಕುಣಿಗಲ್
14-9-1984

ನಯಾಜ್ ಅಹಮದ್ ಅವರಿಗೆ,

ಕಾಗದ ತಲುಪಿತು. ಉತ್ತರ ಹೇಳುವ ಮುಂಚೆ ನನಗೆ ಕೆಲವು ವಿಷಯ ತಿಳಿಯಬೇಕು.

ಮಲಗಿದ ದನಗಳು ಜೊಲ್ಲು ಸುರಿಸುತ್ತಿವೆಯೇ? ಕುಂಟು ಒಂದೇ ಕಾಲಿನಲ್ಲಿದೆಯೇ, ಇಂದು ಒಂದು ಕಾಲು ನಾಳೆ ಇನ್ನೊಂದು ಕಾಲು ಎನ್ನುವಂತಿದೆಯೇ? ಬಾಯಿಯಲ್ಲಿ ಹುಣ್ಣಿದೆಯೇ? ಸೂಜಿ ಹಾಕಿಸದ ದನಗಳೂ ಮಲಗಿವೆಯೇ? ಈ ಕೊನೆಯದನ್ನು ಯಾರ ಮಾತು ಕೇಳಿಯೂ ಬರೆಯಬೇಡಿ. ಕೊಟ್ಟಿಗೆಗೆ ಹೋಗಿ ಕಣ್ಣಾರೆ ನೋಡಿ ಬರೆಯಿರಿ. ಸೂಜಿ ಹಾಕಿದ ದನದ ಕೊಂಬಿಗೆ ನಾನು ಕೆಂಪು ಪೇಂಟಿನ ಗೆರೆ ಎಳೆದಿದ್ದೇನೆ. ಅದು ಸುಲಭಕ್ಕೆ ಹೋಗುವಂಥದ್ದಲ್ಲ.

ಶಿವರಾಮಯ್ಯನವರ ಎತ್ತಿಗೆ ಗೊಟ್ಟ ಹಾಕಿದ್ದರೇ?

ಉತ್ತರ ಏನೇ ಇರಲಿ, ಇನ್ನು ಮುಂದೆ ಮಲಗಿದ ದನಕ್ಕೆ ಗೊಟ್ಟ ಬೇಡ. ಕಷಾಯವಾಗಲಿ, ಎಣ್ಣೆಯಾಗಲಿ, ಗಂಜಿಯಾಗಲಿ, ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹುಯ್ಯಬಾರದು. ಈ ಜ್ವರದಲ್ಲಿ ದನಕ್ಕೆ ನುಂಗಲು ಬರುವುದಿಲ್ಲ. ಹುಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೆರಳಿನಲ್ಲಿ ದಪ್ಪಗೆ ಹುಲ್ಲು ಹಾಸಿ, ಎದೆಯೂರಿ ಕೂರುವಂತೆ ಒರಗಿಸಿ, ಆಗಾಗ ಮಗ್ಗುಲು ಬದಲಿಸಬೇಕು. ನೀರು ಮುಂದಿಡಿ. ತಾನಾಗಿ ಕುಡಿದರೆ ಕುಡಿಯಲಿ.

ಗಂಗಾಂಬಿಕೆ


ತುಮಕೂರು
17-9-1984

ರೆಸ್ಪೆಕ್ಟೆಡ್ ಮೇಡಂ,

ನಿಮ್ಮ ಕಾಗದ ಓದಿ ಮೊದಲು ಬೇಜಾರಾಯಿತು. ನಾನು ಕೇಳಿದ್ದು ಒಂದು ಪ್ರಶ್ನೆ, ನೀವು ತಿರುಗಿ ಕೇಳಿದ್ದು ಅಷ್ಟೊಂದು. ಸೂಜಿ ಹಾಕಿಸದ ದನಗಳೂ ಮಲಗಿವೆಯೇ ಎಂಬುದನ್ನು ಓದಿ, ಮೇಡಂ ಜವಾಬ್ದಾರಿಯಿಂದ ಜಾರಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಇದನ್ನು ಬರೆಯುವ ಧೈರ್ಯ ಬಂದಿರುವುದು ಈಗ ಹಾಗೆ ಅಂದುಕೊಳ್ಳದೆ ಇರುವುದರಿಂದ.

ನಿನ್ನೆ ಭಾನುವಾರ ಊರಿಗೆ ಹೋಗಿ, ನೀವು ಹೇಳಿದಂತೆ ಕೊಟ್ಟಿಗೆಗಳಿಗೇ ಹೋದೆ. ಜೊಲ್ಲು ಇದೆ. ಬಾಯಿಯಲ್ಲಿ ಹುಣ್ಣಿಲ್ಲ. ಕುಂಟು ಕಾಲಿನಿಂದ ಕಾಲಿಗೆ ಹೋಗುತ್ತದಂತೆ. ಸೂಜಿ ಹಾಕಿಸದ ದನ ಒಂದೂ ಮಲಗಿಲ್ಲ ಎಂದು ಬೀದಿಯಲ್ಲಿ ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಕೊನೆಗೆ ಡೈರಿಗೆ ಹಾಲು ಹಾಕುವ ಬಸವಲಿಂಗಮ್ಮನವರ ಹಿತ್ತಲಿಗೆ ಹೋದೆ. ಅವರ ಹಸು ಎದ್ದು ನಿಂತಿತ್ತು, ಆದರೆ ಒಣಗಿದ ಹಾಗೆ ಕಾಣುತ್ತಿತ್ತು.

"ಏನ್ಲಾ ಸಾಬ್ರ ಹುಡ್ಗ, ನಮ್ಮ ಕೊಟ್ಗೇಲಿ ಏನ್ ಹುಡುಕ್ತಿದೀಯ?"

"ಹಸು ನೋಡ್ಬೇಕಿತ್ತು ಅಜ್ಜಿ."

"ಹೆಣ್ಣು ನೋಡಾಕ್ ಹೋಗೋ ವಯಸ್ನಾಗೆ ಹಸ ನೋಡಾಕ್ ಬಂದವ್ನೆ. ಓದ್ಸಿ ಓದ್ಸಿ ನಿಮ್ಮಪ್ಪ ಕೆಡಿಸ್ಬುಟ್ಟ ಕಣೋ ನಿನ್ನ."

"ಇದಕ್ಕೆ ಸೂಜಿ ಹಾಕ್ಸಿದ್ರಾ?"

"ಹಾಕ್ಸಿದೀನಪ್ಪ. ಕೊಂಬು ನೋಡು, ಕೆಂಪಗೈತಲ್ಲ."

ಕೊಂಬು ಕೆಂಪಗೇ ಇತ್ತು. ನನಗೆ ಹಸುವನ್ನು ಮುಟ್ಟುವ ಧೈರ್ಯವಿಲ್ಲ. ಆದರೂ ಕಣ್ಣು ಮುಚ್ಚಿಕೊಂಡು ಕೊಂಬಿನ ಮೇಲೆ ಬೆರಳು ಎಳೆದೆ. ಬೆರಳು ಕೆಂಪಾಯಿತು. ಮೂಸಿ ನೋಡಿದೆ. ಎಣ್ಣೆಯಲ್ಲಿ ಕಲಸಿದ ಕುಂಕುಮ.

ಅಜ್ಜಿ ನನ್ನ ಬೆರಳನ್ನೂ ಮುಖವನ್ನೂ ನೋಡಿದರು. ಆಮೇಲೆ ದನಿ ತಗ್ಗಿಸಿ, ಸೂಜಿಗೆ ಹೆದರಿ ಅಂದು ಹಸುವನ್ನು ಬಣವೆ ಹಿಂದೆ ಕಟ್ಟಿದ್ದೆ, ಸೂಜಿ ಹಾಕಿಸದವರ ಹಾಲನ್ನು ಡೈರಿಯವರು ತಗೊಳ್ಳುವುದಿಲ್ಲ ಎಂದು ಯಾರೋ ಪುಕಾರು ಎಬ್ಬಿಸಿದರು, ಅದಕ್ಕೆ ಹೀಗೆ ಮಾಡಿದೆ ಎಂದರು. "ಯಾರ್ಗೂ ಹೇಳ್ಬ್ಯಾಡ ಕಣಪ್ಪ, ನಿನ್ ಕೈ ಮುಗೀತೀನಿ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಿಮಗೆ ಮಾತ್ರ ಬರೆಯುತ್ತಿದ್ದೇನೆ. ಅವರ ಹಸು ಸೂಜಿ ಇಲ್ಲದೆಯೇ ಮಲಗಿ, ಮೂರನೇ ದಿನ ಎದ್ದಿದೆ. ನೀವು ಏಕೆ ಕೇಳಿದಿರೆಂದು ಆಗ ಅರ್ಥವಾಯಿತು.

ಮನೆಗೆ ಬಂದು ಅಬ್ಬಾಗೆ ಎಲ್ಲ ಹೇಳಿ, ನಿಮ್ಮ ಕಾಗದ ಓದಿದೆ. ಅವರು ಬಯ್ಯಲಿಲ್ಲ. "ಗೊಟ್ಟದ್ದು ಇನ್ನೊಂದ್ಸಲ ಓದು" ಎಂದರು. ಓದಿದೆ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಪುಟ್ಟರಂಗಯ್ಯನವರ ಎತ್ತು ಶನಿವಾರ ಬಿದ್ದಿತ್ತು, ಅಲ್ಲಿ ಗೊಟ್ಟಕ್ಕೆ ತಯಾರಿ ನಡೆದಿತ್ತು.

ಹೋದಾಗ ಮೆಣಸು, ಬೆಳ್ಳುಳ್ಳಿ ಕಷಾಯ ಕುದಿದು ಆರುತ್ತಿತ್ತು. ಗೊಟ್ಟ ಹಿಡಿದು ನಿಂತಿದ್ದವರು ಶಿವರಾಮಯ್ಯನವರು. ತಮ್ಮ ಎತ್ತು ಸತ್ತ ಸಂಕಟದಲ್ಲೂ ಇನ್ನೊಬ್ಬರ ಎತ್ತು ಉಳಿಸಲು ಬಂದಿದ್ದರು. ಹೌದು ಮೇಡಂ, ತಮ್ಮ ಎತ್ತಿಗೂ ಅವರು ಗೊಟ್ಟ ಹಾಕಿದ್ದರು. ಅದಕ್ಕೇ ಸತ್ತಿತೆಂದು ಹೇಳಲು ನಾನು ಬಾಯಿ ತೆರೆದೆ. ಅಬ್ಬಾ ನನ್ನ ಮಣಿಕಟ್ಟು ಹಿಡಿದು ಅದುಮಿದರು.

"ರಂಗಣ್ಣ, ಗೊಟ್ಟ ಬ್ಯಾಡ" ಎಂದು ಪುಟ್ಟರಂಗಯ್ಯನವರಿಗೆ ಹೇಳಿದರು.

"ಮತ್ತೇನ್ ಮಾಡ್ಲಿ? ನೋಡ್ತಾ ಕುಂತ್ಕಳ್ಳಾ?"

"ಕುಂತ್ಕಳಾಣ. ನಾನೂ ಕುಂತ್ಕತೀನಿ."

"ನೀನ್ ಕುಂತ್ರೆ ಎತ್ತು ಎದ್ದೇಳ್ತದಾ ಪಾಷಣ್ಣ? ಕೆಡವೋದು ಗೊತ್ತು ನಿಂಗೆ, ಎಬ್ಬಸೋದ್ ಗೊತ್ತಾ?"

ಸುತ್ತ ನಿಂತವರು ನಕ್ಕರು. ನಾನು ನಿಮ್ಮ ಕಾಗದ ತೆಗೆದು ಗಟ್ಟಿಯಾಗಿ ಓದಿದೆ. ಪುಟ್ಟರಂಗಯ್ಯ ಕೇಳಿಸಿಕೊಂಡು, "ಕುಣಿಗಲ್ನಾಗೆ ಕುಂತ್ಕಂಡು ಕಾಗ್ದ ಬರೆಯೋರ್ಗೆ ನನ್ನ ಎತ್ತಿನ ಸಂಕಟ ಏನ್ ಗೊತ್ತು? ಸತ್ರೆ ಯಾರ್ ಬಂದು ನೊಗ ಹೊರ್ತಾರೆ?" ಎಂದರು.

ಅಬ್ಬಾ ಎತ್ತಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ಗೊಟ್ಟ ಹಾಕ್ದೆ ಇದು ಸತ್ರೆ, ಇನ್ ಈ ಊರಲ್ಲಿ ನಾನು ಎತ್ತಿನ ಕಾಲು ಮುಟ್ಟಲ್ಲ ರಂಗಣ್ಣ. ಹಗ್ಗ ಸುತ್ತಿಟ್ಟು ಹೊಂಟೋಯ್ತೀನಿ."

ಶಿವರಾಮಯ್ಯನವರು ಗೊಟ್ಟವನ್ನು ಗೋಡೆಗೆ ಒರಗಿಸಿದರು. ಅಬ್ಬಾ ಮನೆಯಿಂದ ಹಗ್ಗ, ಗೋಣಿತಾಟು ತರಿಸಿ ಎತ್ತನ್ನು ಎದೆಯ ಮೇಲೆ ಕೂರಿಸಿ ಒರಗಿಸಿದರು.

ಇಂದು ಕೆಮಿಸ್ಟ್ರಿ ಟೆಸ್ಟ್ ಇದ್ದುದರಿಂದ ನಾನು ನಿನ್ನೆ ಸಂಜೆ ಬಸ್ಸಿಗೆ ವಾಪಸ್ ಬರಲೇಬೇಕಾಯಿತು. ಎತ್ತು ಆಗ ಮಲಗಿಯೇ ಇತ್ತು. ನಾನು ಹೆದರಿಕೊಂಡು ಬರೆದ ಕಾಗದಕ್ಕೆ ನೀವು ಬರೆದ ಉತ್ತರ, ಆ ಉತ್ತರದ ಮೇಲೆ ಅಬ್ಬಾ ತಮ್ಮ ಇಡೀ ಕಸುಬನ್ನೇ ಇಟ್ಟುಬಿಟ್ಟಿದ್ದಾರೆ. ಆ ಎತ್ತು ಏಳುವುದು ಗ್ಯಾರಂಟಿಯೇ ಮೇಡಂ? ಪೋಸ್ಟಿಗೆ ಹಾಕಿದರೆ ತಡವಾಗುತ್ತದೆಂದು ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ.

ನಯಾಜ್


ಕುಣಿಗಲ್
19-9-1984

ನಯಾಜ್ ಅವರಿಗೆ,

ಕಂಡಕ್ಟರ್ ಕಾಗದವನ್ನು ಸೋಮವಾರವೇ ತಲುಪಿಸಿದರು.

ಗ್ಯಾರಂಟಿ ಇಲ್ಲ. ಹೆಚ್ಚಿನವು ಏಳುತ್ತವೆ. ಅಂಥ ಭಾರದ ಎತ್ತು ದಿನಗಟ್ಟಲೆ ಮಲಗಿದರೆ ಅದರ ತೂಕವೇ ಅದಕ್ಕೆ ಶತ್ರು. ಒಂದು ಮಗ್ಗುಲಲ್ಲೇ ಬಿಟ್ಟರೆ ಆ ಕಾಲುಗಳು ಸತ್ತಂತಾಗುತ್ತವೆ. ಮಗ್ಗುಲು ಬದಲಿಸುತ್ತ ಇರಬೇಕು, ಅಷ್ಟೇ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಔಷಧಿಯಲ್ಲಿ ಹೆಚ್ಚುಕಮ್ಮಿ ಇರಲಿಲ್ಲ. ಕೇಳಿದ್ದು ತಪ್ಪಲ್ಲ, ಕೇಳಬೇಕಾದದ್ದೇ. ನಾನು ಹಾಕಿದ್ದು ದೊಡ್ಡ ರೋಗಕ್ಕೆ. ಅದು ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತದೆ, ದನದಿಂದ ದನಕ್ಕೆ ಹತ್ತುತ್ತದೆ. ಈಗ ನಿಮ್ಮಲ್ಲಿ ಓಡಾಡುತ್ತಿರುವುದು ಬೇರೆ. ಇದಕ್ಕೆ ಮೂರು ದಿನದ ಜ್ವರ ಎನ್ನುತ್ತಾರೆ. ಇದೂ ವೈರಸ್ಸೇ, ಆದರೆ ಇದನ್ನು ಹೊತ್ತು ತಿರುಗುವುದು ಸೊಳ್ಳೆಯಂಥ ಕಚ್ಚುವ ಹುಳಗಳು. ಮಳೆಗಾಲದ ಕೊನೆಯಲ್ಲಿ ಗುಂಡಿಗಳಲ್ಲಿ ನೀರು ನಿಂತಾಗ ಬರುತ್ತದೆ. ಸೂಜಿಯ ಹಿಂದೆಯೇ ಬಂದದ್ದರಿಂದ ಸೂಜಿಯೇ ತಂದಿತು ಎಂದು ಕಂಡಿದೆ. ಈ ಜ್ವರಕ್ಕೆ ಹಾಕಲು ನಮ್ಮ ಕೈಯಲ್ಲಿ ಸೂಜಿ ಇಲ್ಲ. ಬೇರೆ ದೇಶಗಳಲ್ಲಿ ಮಾಡುತ್ತಿದ್ದಾರೆಂದು ಓದಿದ್ದೇನೆ.

ಜನಕ್ಕೆ ಸಿಟ್ಟು ಬಂದದ್ದು ನ್ಯಾಯವೇ. ಯಲ್ಲಯ್ಯನಿಗೆ ನಾವು ತಮಟೆ ಹೊಡೆದು ಸಾರಲು ಹೇಳಿದ್ದು ದೊಡ್ಡ ರೋಗದ ಸೂಜಿ ಎಂದು. ಬೀದಿಯ ಕೊನೆಗೆ ಬರುವಷ್ಟರಲ್ಲಿ ಅದು ದನಕ್ಕೆ ರೋಗವೇ ಬರದ ಸೂಜಿ ಆಗಿತ್ತು. ನನ್ನ ಕಿವಿಗೂ ಬಿತ್ತು. ಕರೆದು ತಿದ್ದಬೇಕಿತ್ತು.

ಬಸವಲಿಂಗಮ್ಮನವರಿಗೆ ಕೊಟ್ಟ ಮಾತು ಉಳಿಸಿಕೊಳ್ಳಿ. ಶಿವರಾಮಯ್ಯನವರಿಗೂ ಗೊಟ್ಟದ ವಿಷಯ ನೀವು ಹೇಳಲು ಹೋಗಬೇಡಿ. ಅದು ನನ್ನ ಕೆಲಸ.

ನಿಮ್ಮ ತಂದೆ ಕೊಟ್ಟಂಥ ಮಾತನ್ನು ನಾನಾಗಿದ್ದರೆ ಕೊಡುತ್ತಿರಲಿಲ್ಲ. ಟೆಸ್ಟ್ ಹೇಗಾಯಿತು?

ಗಂಗಾಂಬಿಕೆ


ತುಮಕೂರು
22-9-1984

ಮೇಡಂ ಅವರಿಗೆ,

ನಿಮ್ಮ ಕಾಗದ ನಿನ್ನೆ ಬಂತು. ಗ್ಯಾರಂಟಿ ಇಲ್ಲ ಎಂಬ ಮೊದಲ ಸಾಲು ಓದಿ ಊಟ ಸೇರಲಿಲ್ಲ. ಊರಿನಿಂದ ಸುದ್ದಿಯೂ ಇರಲಿಲ್ಲ. ಅಬ್ಬಾ ಕಸುಬು ಬಿಟ್ಟರೆ ಮುಂದೇನು, ನಾನು ಓದು ಬಿಡಬೇಕೇ ಎಂದೆಲ್ಲ ಯೋಚಿಸುತ್ತಿದ್ದೆ. ಇಂದು ಬೆಳಿಗ್ಗೆ ವಾರ್ಡನ್ ಕೂಗಿದರು, ನಿನ್ನ ಫಾದರ್ ಬಂದಿದ್ದಾರೆ ಎಂದು. ಇಳಿದು ಹೋದರೆ ಅಬ್ಬಾ ಗೇಟಿನ ಹತ್ತಿರ ಗೋಣಿಚೀಲ ಹೊತ್ತು ನಿಂತಿದ್ದಾರೆ. ಚೀಲದಲ್ಲಿ ಲಾಳಕ್ಕೆ ಕಬ್ಬಿಣ. ನಾನು ಕೇಳುವುದು ಏನೂ ಉಳಿಯಲಿಲ್ಲ. ಕಸುಬು ಬಿಡುವವರು ಕಬ್ಬಿಣ ಕೊಳ್ಳುವುದಿಲ್ಲ.

ರೂಮಿಗೆ ಕರೆದುಕೊಂಡು ಬಂದೆ. ರೂಮ್‌ಮೇಟ್‌ಗಳೆಲ್ಲ ಸೇರಿದರು. ಅಬ್ಬಾ ಕಬ್ಬಿಣದ ಚೀಲದ ಮೇಲೆಯೇ ಕೂತು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಮಂಗ್ಳವಾರ ಡಾಕ್ಟ್ರಮ್ಮ ಬಸ್ ಇಳ್ದು ಸೀದಾ ನಮ್ಮ ಅಂಗಳಕ್ಕೆ ಬಂದ್ರು. ಕೈಯಾಗೆ ಛತ್ರಿ, ಬ್ಯಾಗು. ರಜಾ ಹಾಕಿ ಬಂದೆ ಅಂದ್ರು. ಚಾ ಕುಡೀರಿ ಅಂದ್ರೆ, ಎದ್ಮೇಲೆ ಅಂದ್ರು. ಯಾರ್ ಎದ್ಮೇಲೆ ಅಂತ ನಂಗ್ ತಿಳೀಲಿಲ್ಲ. ಆಮೇಲೆ ಗೊತ್ತಾಯ್ತು, ಎತ್ತು.

"ರಂಗಣ್ಣ ಕಂಬಕ್ಕೆ ಒರಗಿ ನಿಂತ್ಕಂಡ. ಈಯಮ್ಮ ಸಗಣಿ ಗಂಜ್ಲ ಏನೂ ನೋಡ್ದೆ ಕುಂತ್ಕಂಡು ಎತ್ತಿನ ಎದೆಗೆ ಕಿವಿ ಇಟ್ರು. ಬಾಯೊಳಗೆ ಕೈ ಹಾಕಿ ನೋಡಿದ್ರು. ಕತ್ತಿನ ನರಕ್ಕೆ ಒಂದು ಸೂಜಿ ಕೊಟ್ರು. ಆಗ ರಂಗಣ್ಣ ಬಾಯ್ಬಿಟ್ಟ. ಸೂಜಿ ಹಾಕಿ ಕೆಡವಿದ್ರಿ, ಈಗ ಸೂಜಿ ಹಾಕಿ ಎಬ್ಬುಸ್ತೀರಾ ಅಂದ. ಈಯಮ್ಮ ತಲೆ ಎತ್ಲಿಲ್ಲ. ಎಬ್ಬಿಸ್ತೀನಿ ಅಂತ ನಾನ್ ಹೇಳಿಲ್ಲ, ಮಗ್ಗುಲು ಬದಲಾಯಿಸ್ತೀನಿ ಅಂದೆ, ಆ ಕಡೆ ಹಿಡ್ಕೊಳ್ಳಿ ಅಂದ್ರು. ಹಿಡ್ಕೊಂಡ."

ರೂಮಿನಲ್ಲಿ ಎಲ್ಲ ನಕ್ಕರು. ಅಬ್ಬಾ ನಗಲಿಲ್ಲ.

"ನಾನು ಈ ಕೈಯಾಗೆ ಎಷ್ಟ್ ಎತ್ತು ಕೆಡವಿದೀನೋ ಲೆಕ್ಕ ಇಲ್ಲ. ಯಾವ ಹಗ್ಗ ಎಲ್ ಎಳೆದ್ರೆ ಬೀಳ್ತದೆ ಗೊತ್ತು. ಅದ್ನೇ ತಿರುಗ್ಸಿ ಎಳೆದೆ. ಗೋಣಿತಾಟು ಎದೆ ಕೆಳಗೆ ಹಾಕಿ, ರಂಗಣ್ಣ ಅತ್ಲಾಗೆ, ನಾನ್ ಇತ್ಲಾಗೆ. ಮಧ್ಯಾಹ್ನ ಪೂರಾ ಅದೇ ಕೆಲ್ಸ. ಆಮೇಲೆ ಈಯಮ್ಮ ಶಿವರಾಮಯ್ಯನ ಮನೆಗೆ ಹೋಗಿ ಜಗಲಿ ಮ್ಯಾಲೆ ಬಾಳ ಹೊತ್ತು ಕುಂತಿದ್ರು. ಏನ್ ಮಾತಾಡಿದ್ರೋ ನಂಗ್ ಗೊತ್ತಿಲ್ಲ. ಬಸ್‌ಸ್ಟ್ಯಾಂಡ್ ತನಕ ಶಿವರಾಮಯ್ಯನೇ ಅವ್ರ ಬ್ಯಾಗು ಹೊತ್ಕಂಡು ಬಂದ. ಚಾ ಕುಡೀಲೇ ಇಲ್ಲ, ಹೊಂಟೋದ್ರು.

"ಬುಧವಾರ ಬಿಸ್ಲು ಏರಿದ್ಮೇಲೆ ಎತ್ತು ಹಿಂಗಾಲು ಎತ್ತಿತು. ಮಂಡಿ ಊರ್ಕಂಡು ಬಾಳ ಹೊತ್ತು ಹಂಗೇ ಇತ್ತು, ನಮಾಜ್ ಮಾಡೋರಂಗೆ. ಆಮೇಲೆ ಮುಂಗಾಲೂ ಊರಿ ನಿಂತ್ಕಂತು."

ಮೇಡಂ, ಇದನ್ನೆಲ್ಲ ಕೇಳಿದ ಮೇಲೆ ನಿಮ್ಮ ಹತ್ತೊಂಬತ್ತನೇ ತಾರೀಖಿನ ಕಾಗದವನ್ನು ಮತ್ತೆ ತೆಗೆದು ಓದಿದೆ. ಹಿಂದಿನ ದಿನ ತಾನೇ ಗುಬ್ಬಿಗೆ ಬಂದು, ಸಗಣಿಯಲ್ಲಿ ಕುಳಿತು ಹೋದವರು ಅದರ ಬಗ್ಗೆ ಒಂದು ಅಕ್ಷರ ಬರೆದಿಲ್ಲ. ಅಂಥ ಭಾರದ ಎತ್ತು ಎಂದು ಬರೆದಿದ್ದೀರಿ. ಎತ್ತು ಎಷ್ಟು ದೊಡ್ಡದು ಎಂದು ನಾನು ಎಲ್ಲೂ ಬರೆದಿರಲಿಲ್ಲ. ಆಗ ಹೊಳೆಯಲೇ ಇಲ್ಲ. ಯಾಕೆ ತಿಳಿಸಲಿಲ್ಲ? ನನ್ನ ರೂಮ್‌ಮೇಟ್ ಒಬ್ಬ, ನಿಮ್ಮಪ್ಪ ಕಬ್ಬಿಣದ ಬಿಸಿನೆಸ್ ಅಂದಿದ್ದೆಯಲ್ಲೋ, ಇಷ್ಟು ದೊಡ್ಡ ಕೆಲಸ ಅಂತ ಹೇಳಲೇ ಇಲ್ಲ ಎಂದ. ನನಗೆ ಎಷ್ಟು ಖುಷಿಯಾಯಿತೆಂದು ಬರೆಯಲು ಬರುವುದಿಲ್ಲ.

ಆದರೆ ಅಂಗಳ ಇನ್ನೂ ಖಾಲಿಯೇ. ಎತ್ತು ಎದ್ದಿತು, ಜನ ಸುಮ್ಮನಾದರು, ಆದರೆ ಲಾಳಕ್ಕೆ ಯಾರೂ ಬಂದಿಲ್ಲ. ಕಬ್ಬಿಣ ತಗೊಂಡದ್ದು ಬರಲಿ ಎಂಬ ಆಸೆಯಿಂದ ಅಷ್ಟೇ. ಅಕ್ಟೋಬರ್ ಏಳರಂದು ಗುಬ್ಬಿಯ ಡಾಕ್ಟರರು ತಪ್ಪಿದ ದನಗಳಿಗೆ ಮತ್ತೆ ದೊಡ್ಡ ರೋಗದ ಸೂಜಿ ಹಾಕುತ್ತಾರಂತೆ. ಜಾಗ ಅದೇ ಅಂಗಳ, ಅಬ್ಬಾ ಒಪ್ಪಿದ್ದಾರೆ. ಅಂದು ಯಾರೂ ಬರದಿದ್ದರೆ, ಪಾಷಣ್ಣನ ಮೇಲೆ ಜನಕ್ಕೆ ನಂಬಿಕೆ ಇಲ್ಲ ಎಂದು ಊರಿಗೇ ಸಾರಿದಂತೆ. ಯಲ್ಲಯ್ಯ ಬೇರೆ, "ಈ ಸಲ ಏನ್ ಸಾರ್ಬೇಕೋ ನಿನ್ ಮಗನ್ ಕೈಲೇ ಬರೆಸ್ಕೊಡು ಪಾಷಣ್ಣ, ಆಮೇಲೆ ನನ್ ತಲೆ ಮ್ಯಾಲೆ ಬರ್ಬಾರ್ದು" ಎಂದಿದ್ದಾನಂತೆ. ನಾನು ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಗೋಮಾತೆಯ ರಕ್ಷಣೆ, ವಿಜ್ಞಾನದ ವರದಾನ ಎಂದೆಲ್ಲ ಚೆನ್ನಾಗಿ ಬಂದಿದೆ. ತಿದ್ದಿ ಕೊಡಿ.

ಟೆಸ್ಟಿನಲ್ಲಿ ಪಾಸಾದೆ, ಜಸ್ಟ್.

ನಯಾಜ್


ಕುಣಿಗಲ್
26-9-1984

ನಯಾಜ್‌ಗೆ,

ಇನ್ನು ನಿನ್ನನ್ನು ನೀವು ಎನ್ನಲು ಆಗುವುದಿಲ್ಲ.

ನಾನು ಬಂದಿದ್ದೆ ಎಂದು ಬರೆದಿದ್ದರೆ, ಡಾಕ್ಟರು ನೋಡಿದ್ದಾರೆ, ಇನ್ನು ಎತ್ತು ಎದ್ದೇ ಏಳುತ್ತದೆ ಎಂದು ನೀನು ತಿಳಿಯುತ್ತಿದ್ದೆ. ಏಳುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಹೇಳಿ ಬಂದು, ಅದು ಸತ್ತಿದ್ದರೆ, ನಿನಗೆ ಎರಡು ಸಲ ನಂಬಿಕೆ ಮುರಿಯುತ್ತಿತ್ತು.

ನೀನು ಬರೆದದ್ದನ್ನು ಓದಿದೆ. ಚೆನ್ನಾಗಿದೆ, ಕಾಲೇಜಿನ ಮ್ಯಾಗಜೀನಿಗೆ ಕೊಡು. ಯಲ್ಲಯ್ಯನಿಗೆ ಇಷ್ಟು ಸಾಕು.

ಈ ಸೂಜಿ ದೊಡ್ಡ ರೋಗಕ್ಕೆ ಮಾತ್ರ. ಮೂರು ದಿನದ ಜ್ವರಕ್ಕೆ ಅಲ್ಲ. ಆ ಜ್ವರವನ್ನು ಸೊಳ್ಳೆ ತರುತ್ತದೆ, ಅದಕ್ಕೆ ನಮ್ಮಲ್ಲಿ ಸೂಜಿ ಇಲ್ಲ. ಸೂಜಿ ಹಾಕಿಸಿದರೂ ಆ ಜ್ವರ ಬರಬಹುದು. ಬಂದರೆ ಗೊಟ್ಟ ಹಾಕಬೇಡಿ.

ಹೀಗೆ ಸಾರಿದರೆ ಯಾರೂ ಬರುವುದಿಲ್ಲ ಎಂದು ನೀನು ಹೆದರುತ್ತೀಯ. ಬರದೆಯೂ ಇರಬಹುದು. ಆದರೆ ಇದರಲ್ಲಿ ಒಂದು ಮಾತನ್ನೂ ಬಿಡಕೂಡದು.

ನಾನು ಏಳರಂದು ಬರಲಾರೆ. ಯಡಿಯೂರಿನ ಕಡೆ ಜ್ವರ ಶುರುವಾಗಿದೆ, ಬೆಳಿಗ್ಗೆ ಹೋದರೆ ಸಂಜೆ ವಾಪಸ್. ನಿನ್ನೆ ಒಂದು ಕೊಟ್ಟಿಗೆಯಲ್ಲಿ ಎತ್ತಿನ ಮಗ್ಗುಲು ಬದಲಿಸಲು ಎಲ್ಲರೂ ಸೇರಿ ಒದ್ದಾಡಿದೆವು. ಆಗ ನಿನ್ನ ತಂದೆಯ ನೆನಪಾಯಿತು. ಅವರು ಹಗ್ಗ ಹಾಕಿದ ಬಗೆಯನ್ನು ಚಿತ್ರ ಬರೆದು ಕಳಿಸಲು ಆಗುತ್ತದೆಯೇ ಕೇಳು. ಈ ಜ್ವರಕ್ಕೆ ಸೂಜಿ ಬರುವ ತನಕ ನಮ್ಮ ಹತ್ತಿರ ಇರುವುದು ಹಗ್ಗ, ಗೋಣಿತಾಟು ಮತ್ತು ಅಂಥ ಕೈ.

ಗಂಗಾಂಬಿಕೆ


ಗುಬ್ಬಿ
9-10-1984

ಪ್ರೀತಿಯ ಡಾಕ್ಟ್ರಮ್ಮನವರಿಗೆ,

ದಸರಾ ರಜೆಗೆ ಊರಿಗೆ ಬಂದಿದ್ದೇನೆ. ಹಗ್ಗದ ಚಿತ್ರ ಇದರ ಜೊತೆಗಿದೆ. ಅಬ್ಬಾ ನನ್ನನ್ನೇ ಎತ್ತಿನಂತೆ ಮಂಡಿಯೂರಿಸಿ, ಹಗ್ಗ ಹಾಕಿ ತೋರಿಸಿದರು. ಅಮ್ಮಿ ನಕ್ಕು ಸಾಕಾದರು. ಎಲ್ಲಿ ಗಂಟು, ಎಲ್ಲಿ ಜೀರುಕುಣಿಕೆ ಎಂದು ಬಾಣ ಹಾಕಿ ಬರೆದಿದ್ದೇನೆ. ಅರ್ಥವಾಗದಿದ್ದರೆ ಅಬ್ಬಾ ತಾವೇ ಒಂದು ದಿನ ಯಡಿಯೂರಿಗೆ ಬರುತ್ತಾರಂತೆ.

ಏಳನೇ ತಾರೀಖಿನ ವಿಷಯ ಮೊದಲು. ನೀವು ಬರೆದದ್ದರಲ್ಲಿ ಒಂದು ಮಾತೂ ಬಿಡದೆ ಯಲ್ಲಯ್ಯ ಸಾರಿದ. ಟೀ ಅಂಗಡಿಯಲ್ಲಿ ಒಬ್ಬರು, "ಇದ್ಯಾವ್ ಸೀಮೆ ತಮಟೇನ್ಲಾ, ಯಾವುದಕ್ಕೆ ಆಗಲ್ಲ ಅಂತ ಸಾರ್ಕಂಡ್ ತಿರುಗ್ತೀಯ?" ಎಂದರು. ಯಲ್ಲಯ್ಯ, "ಬರೆದ್ಕೊಟ್ಟವ್ರೆ, ಹೇಳ್ತಿದೀನಿ. ಕೇಳ್ದೋರು ಕೇಳಿ, ಬುಟ್ಟೋರು ಬುಡಿ" ಎಂದು ಮುಂದೆ ಹೋದ.

ಬೆಳಿಗ್ಗೆ ಡಾಕ್ಟರರು ಬಂದು ಐಸ್ ಫ್ಲಾಸ್ಕ್ ಇಟ್ಟುಕೊಂಡು ಕೂತರು. ಅಬ್ಬಾ ಹಗ್ಗ ಹಿಡಿದು ನಿಂತರು. ಬಹಳ ಹೊತ್ತು ಯಾರೂ ಇಲ್ಲ. ರಸ್ತೆಯ ಆಚೆ ಒಂದಷ್ಟು ಜನ ನಿಂತು ನೋಡುತ್ತಿದ್ದರು. ನನಗೆ ಅಬ್ಬಾನ ಮುಖ ನೋಡಲು ಆಗುತ್ತಿರಲಿಲ್ಲ. ಆಗ ಬಸವಲಿಂಗಮ್ಮಜ್ಜಿ ಹಸು ಹಿಡಿದುಕೊಂಡು ರಸ್ತೆ ದಾಟಿ ಬಂದರು. ಕೊಂಬನ್ನು ಚೆನ್ನಾಗಿ ಉಜ್ಜಿ ತೊಳೆದಿದ್ದರು. ನಾನು ಮಾತು ಉಳಿಸಿಕೊಂಡಿದ್ದೆ ಮೇಡಂ, ಅವರಿಗೆ ಒಂದು ಮಾತೂ ಹೇಳಿರಲಿಲ್ಲ.

"ಏನಜ್ಜಿ, ನಿಂದು ಹೋದ್ಸಲನೇ ಆಗಿತ್ತಲ್ಲ?" ಎಂದು ಆಚೆಯಿಂದ ಯಾರೋ ಕೂಗಿದರು.

ಅಜ್ಜಿ ತಿರುಗಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ಆಗಿರ್ಲಿಲ್ಲ ಕಣ್ರಪ್ಪ. ಕುಂಕುಮ ಬಳ್ದಿದ್ದೆ. ಸೂಜಿ ಇಲ್ದೇನೂ ಬಿತ್ತು ನನ್ ಹಸ, ಸೂಜಿ ಇಲ್ದೇನೆ ಎದ್ದೂ ಬಂತು. ತಮಟೇಲಿ ನಮ್ ಸೂಜಿ ಈ ಜ್ವರಕ್ಕಾಗಲ್ಲ ಅಂತ ಅವ್ರೇ ಒಪ್ಕಂಡವ್ರೆ, ನಾನ್ಯಾಕ್ ಸುಳ್ ಹೇಳ್ಕಂಡಿರ್ಲಿ?"

ರಸ್ತೆಯ ಆಚೆ ಯಾರೋ ಕುಂಕುಮ ಎಂದು ನಗಲು ಶುರು ಮಾಡಿದರು. ನಗುತ್ತ ನಗುತ್ತಲೇ ದನ ಬಿಚ್ಚಿಕೊಂಡು ಬರಲು ಹೋದರು. ಮಧ್ಯಾಹ್ನದ ಹೊತ್ತಿಗೆ ಸಾಲು ಹುಣಸೆಮರ ದಾಟಿತ್ತು. ಶಿವರಾಮಯ್ಯನವರು ಸಾಲಿನ ಉದ್ದಕ್ಕೂ ಓಡಾಡುತ್ತ, ಒಬ್ಬೊಬ್ಬರ ಹತ್ತಿರವೂ ನಿಂತು, "ನಾನ್ ಗೊಟ್ಟ ಹಾಕ್ದೆ, ಕಳ್ಕಂಡೆ. ಬಿದ್ದ ದನಕ್ಕೆ ನೀವ್ ಹಾಕ್ಬ್ಯಾಡಿ" ಎಂದು ಹೇಳುತ್ತಿದ್ದರು. ಆ ಜಗಲಿಯ ಮೇಲೆ ನೀವು ಅವರಿಗೆ ಏನು ಹೇಳಿದಿರೋ, ಹೇಗೆ ಹೇಳಿದಿರೋ. ಅದನ್ನು ಕಲಿಯಬೇಕೆಂದು ನನಗೆ ಆಸೆ. ಕೊಂಬಿಗೆ ಕೆಂಪು ಗೆರೆ ಎಳೆಯುವ ಕೆಲಸ ನನಗೆ ಬಿತ್ತು. ಗೆರೆಗಳು ಅಷ್ಟೇನೂ ನೆಟ್ಟಗಿಲ್ಲ.

ಈಗ ಅವಸರದ ವಿಷಯ. ಇಂದು ಬೆಳಿಗ್ಗೆ ಪುಟ್ಟರಂಗಯ್ಯನವರು ಆ ಎತ್ತನ್ನು ನಡೆಸಿಕೊಂಡು ಅಂಗಳಕ್ಕೆ ಬಂದರು, ಲಾಳ ಕಟ್ಟಿಸಲು. ಅಷ್ಟು ದಿನಗಳಾದ ಮೇಲೆ ಅಂಗಳಕ್ಕೆ ಬಂದ ಮೊದಲ ಎತ್ತು. ನಾನು ಒಳಗೆ ಓಡಿ ಅಮ್ಮಿಗೆ ಹೇಳಿದೆ. ಹೊರಗೆ ಬಂದು ನೋಡಿದರೆ ಅಬ್ಬಾ ಹಗ್ಗ ಮುಟ್ಟಿಯೇ ಇಲ್ಲ.

"ಕೆಡವು ಪಾಷಣ್ಣ. ತೆಂಗಿನ್ಕಾಯಿ ಗಾಡಿ ಹೂಡ್ಬೇಕು."

"ಕೆಡವಲ್ಲ ರಂಗಣ್ಣ. ಎದ್ದು ಇನ್ನೂ ಮೂರ್ ವಾರ ಆಗಿಲ್ಲ. ಕೆಡವಿ, ತಿರುಗಿ ಏಳ್ದೇ ಹೋದ್ರೆ?"

"ಹಂಗಂದ್ರೆ ನಿಟ್ಟೂರಿಗೆ ಹೊಡ್ಕಂಡ್ ಹೋಗ್ಲಾ?"

"ಹೋಗು. ಅಲ್ಲೂ ಕೆಡವ್ಬ್ಯಾಡಿ ಅಂತ ಹೇಳು."

ಬಂದ ಒಬ್ಬರನ್ನೂ ಹೀಗೆ ಕಳಿಸಿಬಿಡುತ್ತಾರಲ್ಲ ಎಂದುಕೊಂಡೆ. ಪುಟ್ಟರಂಗಯ್ಯನವರು ಎತ್ತಿನ ಬೆನ್ನು ಸವರಿದರು. ಆಮೇಲೆ ಅದನ್ನು ಹುಣಸೆಮರಕ್ಕೆ ಕಟ್ಟಿ, ತಾವೂ ಬೇರಿನ ಮೇಲೆ ಕೂತುಬಿಟ್ಟರು.

"ಬರೀಲಾ ನಯಾಜು, ಡಾಕ್ಟ್ರಮ್ಮಂಗೆ. ನಾನ್ ಹೇಳ್ದಂಗೆ ಬರಿ. ಎತ್ತು ಮೇಯ್ತದೆ, ನೀರ್ ಕುಡೀತದೆ. ಎಡ ಮುಂಗಾಲು ಬೆಳಿಗ್ಗೆ ಹೊತ್ತು ಒಂಚೂರು ಎಳೀತದೆ. ಈವಣ್ಣ ಕೆಡವಲ್ಲ ಅಂತಾನೆ. ಅವ್ರು ಏನಂತಾರೋ ಹಂಗೆ. ಅಲ್ಲೀಗಂಟ ಎತ್ತು ಇಲ್ಲೇ ಇರ್ತದೆ, ಮನೆಗ್ ಹೊಡ್ಕಂಡ್ ಹೋಗಲ್ಲ."

ಅವರು ಹೇಳಿದಂತೆಯೇ ಬರೆದಿದ್ದೇನೆ. ಅಬ್ಬಾ ಕೇಳಬೇಕೆನ್ನುವುದು ಇಷ್ಟು. ಈ ಎತ್ತನ್ನು ಕೆಡವಿ ಲಾಳ ಕಟ್ಟಬಹುದೇ? ಕೆಡವಬಾರದಿದ್ದರೆ, ನಿಲ್ಲಿಸಿಕೊಂಡೇ ಒಂದೊಂದು ಕಾಲು ಎತ್ತಿ ಕಟ್ಟಲು ಪ್ರಯತ್ನಿಸಬಹುದೇ? ಅದೂ ಬೇಡವೆಂದರೆ ಎಷ್ಟು ದಿನ ಕಾಯಬೇಕು? ಮರದ ಕೆಳಗೆ ಎತ್ತು ಹುಲ್ಲು ತಿನ್ನುತ್ತಿದೆ. ಇಬ್ಬರೂ ಅದರ ಆಚೆಗೊಬ್ಬರು ಈಚೆಗೊಬ್ಬರು ಕೂತು ನಾನು ಬರೆಯುವುದನ್ನೇ ನೋಡುತ್ತಿದ್ದಾರೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ಕೇಳುತ್ತಿದ್ದಾರೆ, ಎತ್ತಿಗೆ ಏನಾಗಿದೆ ಎಂದು. "ಏನೂ ಆಗಿಲ್ಲ, ಕಾಗ್ದ ಬರ್ಬೇಕು" ಎನ್ನುತ್ತಿದ್ದಾರೆ ಪುಟ್ಟರಂಗಯ್ಯನವರು.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಯಾಜ್